ಬಸಿರು, ನಂಬಿಕೆ, ಸಿನಿಮಾ: ಐದು ವಾರದ ಸರಣಿಗೆ ಯಾವ ಚಿತ್ರ, ಯಾವ ಕ್ರಮ?

ಮೂರನೇಸಾಲು

ಗರ್ಭಪಾತವೂ ದೇವರ ಮೇಲಿನ ನಂಬಿಕೆಯೂ ಎದುರುಬದುರಾಗುವ ಚಿತ್ರಗಳ ಸರಣಿಯೊಂದನ್ನು ಜೋಡಿಸಬೇಕಿದೆ. ವಾರಕ್ಕೊಂದು ಚಿತ್ರ, ಮುಗಿದ ಮೇಲೆ ಒಂದು ಗಂಟೆ ಮಾತುಕತೆ, ಒಟ್ಟು ಐದು ವಾರ. ನೋಡಲು ಬರುವವರಲ್ಲಿ ಗರ್ಭಪಾತ ಪಾಪವೆಂದು ಮನಸಾರೆ ನಂಬಿದವರಿದ್ದಾರೆ, ಅದು ಹೆಣ್ಣಿನ ಹಕ್ಕು ಎನ್ನುವವರೂ ಇದ್ದಾರೆ. ಇಬ್ಬರೂ ಐದೂ ವಾರ ಬರಬೇಕು ಎಂಬುದೇ ಆಸೆ.

ಮೊದಲ ಪಟ್ಟಿ ಹೀಗಿದೆ: ‘ಅನ್‌ಪ್ಲಾನ್ಡ್’ (2019), ‘ವೆರಾ ಡ್ರೇಕ್’ (2004), ‘ಬೆಲ್ಲಾ’ (2006), ‘4 ಮಂತ್ಸ್, 3 ವೀಕ್ಸ್ ಅಂಡ್ 2 ಡೇಸ್’ (2007), ‘ಜೂನೋ’ (2007). ಆ ಕಡೆಗೊಂದು, ಈ ಕಡೆಗೊಂದು ಎಂದು ತೂಗಿ ಮಾಡಿದ ಪಟ್ಟಿ. ಇದರಲ್ಲಿ ಏನು ತಪ್ಪಿದೆ, ಹೇಳಿ.

ಸುತ್ತುಕುರ್ಚಿ

ತೂಗಿದ್ದೇ ತಪ್ಪು. ‘ಅನ್‌ಪ್ಲಾನ್ಡ್’ ಗರ್ಭಪಾತದ ಕ್ಲಿನಿಕ್ಕಿನ ಕೆಲಸ ಬಿಟ್ಟು ಅದರ ವಿರೋಧಿಯಾದ, ಬದುಕಿರುವ ಒಬ್ಬರ ಆತ್ಮಕಥೆಯಿಂದ ಬಂದದ್ದು, ಅದರಲ್ಲಿ ಕ್ಲಿನಿಕ್ ಕಾನೂನಿನ ಒಪ್ಪಿಗೆ ಇರುವಂಥದ್ದು. ‘ವೆರಾ ಡ್ರೇಕ್’ ಗುಟ್ಟಾಗಿ ಗರ್ಭ ತೆಗೆದುಕೊಡುವ ಹೆಂಗಸೊಬ್ಬಳ ಬಗ್ಗೆ ಕಟ್ಟಿದ ಕತೆ, 1950ರ ಲಂಡನ್, ಎಲ್ಲವೂ ಕದ್ದುಮುಚ್ಚಿ. ಇವೆರಡನ್ನು ಎದುರಾಳಿಗಳ ಹಾಗೆ ನಿಲ್ಲಿಸಿದರೆ ಅವು ಒಂದೇ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆಗುವುದೇನೆಂದರೆ ಮೊದಲ ವಾರ ಒಂದು ಗುಂಪು ಮುಖ ಬಿಗಿದು ಕೂರುತ್ತದೆ, ಮುಂದಿನ ವಾರ ಇನ್ನೊಂದು. ಮೂರನೇ ವಾರದ ಹೊತ್ತಿಗೆ ಪ್ರತಿಯೊಬ್ಬರೂ ‘ನಮ್ಮ ಚಿತ್ರ’ ಇದ್ದಾಗ ಮಾತ್ರ ಬರುತ್ತಾರೆ.

ಇದರ ಬದಲು ಎಲ್ಲ ಚಿತ್ರಗಳಲ್ಲೂ ಬರುವ ಒಂದು ದೃಶ್ಯವನ್ನು ಹಿಡಿಯಿರಿ: ಸಲಹೆಯ ಕೋಣೆ. ಮೇಜಿನ ಈಚೆ ಬಸಿರಾದ ಹೆಣ್ಣು, ಆಚೆ ಡಾಕ್ಟರೋ ಸಮಾಲೋಚಕಿಯೋ ಪಾದ್ರಿಯೋ ಸೂಲಗಿತ್ತಿಯೋ. ಆ ಮೇಜಿನ ಮೇಲೆ ಅವಳಿಗೆ ಹೇಳಿದ್ದು ನಿಜವೇ? ಅವಳಿಗೆ ಯೋಚಿಸಲು ಎಷ್ಟು ಹೊತ್ತು ಸಿಕ್ಕಿತು? ಈ ಪ್ರಶ್ನೆಗಳಿಗೆ ಆಸ್ತಿಕರೂ ನಾಸ್ತಿಕರೂ ಒಂದೇ ಬೆಂಚಿನಲ್ಲಿ ಕೂತು ಉತ್ತರ ಹುಡುಕಬಹುದು. ಗರ್ಭಪಾತ ಸರಿಯೋ ತಪ್ಪೋ ಎಂದು ಶುರುಮಾಡಿದರೆ ಹತ್ತನೇ ನಿಮಿಷಕ್ಕೆ ಚಿತ್ರವೇ ಮರೆತುಹೋಗಿರುತ್ತದೆ.

ಪ್ರಸೂತಿನೋಟ

ಸುತ್ತುಕುರ್ಚಿಯವರು ಹೇಳಿದ್ದಕ್ಕೆ ಒಂದು ಅಳತೆಗೋಲು ಸೇರಿಸುತ್ತೇನೆ: ವಾರದ ಲೆಕ್ಕ. ಈ ಬಗೆಯ ಚಿತ್ರಗಳಲ್ಲಿ ಸುಳ್ಳು ನುಸುಳುವುದು ಹೆಚ್ಚಾಗಿ ಅಲ್ಲೇ.

ಗರ್ಭದ ವಾರವನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅಂಡ ಫಲಿಸುವುದು ಅಲ್ಲಿಂದ ಸುಮಾರು 2 ವಾರಕ್ಕೆ. ಹಾಗಾಗಿ ಮುಟ್ಟು ತಪ್ಪಿದ ದಿನವೇ ದಾಖಲೆಯಲ್ಲಿ 4 ವಾರ ಆಗಿರುತ್ತದೆ. ಭ್ರೂಣಶಾಸ್ತ್ರದ ಪುಸ್ತಕಗಳು ಫಲಿಸಿದ ದಿನದಿಂದ ಎಣಿಸುತ್ತವೆ, ಆಸ್ಪತ್ರೆ ಮುಟ್ಟಿನಿಂದ. ಒಬ್ಬರ 8 ಇನ್ನೊಬ್ಬರ 10 ಆಗಿದ್ದು, ಇಬ್ಬರೂ ಒಂದೇ ಚಿತ್ರಪಟ ತೋರಿಸಿ ಜಗಳವಾಡುವುದು ಇದರಿಂದಲೇ.

‘ಜೂನೋ’ದಲ್ಲಿ ಕ್ಲಿನಿಕ್ಕಿನ ಹೊರಗೆ ನಿಂತ ಸಹಪಾಠಿ ಮಗುವಿಗೆ ಉಗುರಿದೆ ಎನ್ನುತ್ತಾಳೆ, ಕತೆ ತಿರುಗುವುದೇ ಆ ಮಾತಿನ ಮೇಲೆ. ಉಗುರಿನ ಬುಡ ಮೂಡತೊಡಗುವುದು 10 ವಾರ ಕಳೆದ ಮೇಲೆ, ಕೈಬೆರಳ ತುದಿ ಮುಟ್ಟುವುದು 32ರ ಆಸುಪಾಸಿಗೆ. ಬಸಿರು ಗೊತ್ತಾದ ಹೊಸದರಲ್ಲಿ ಆ ಮಾತು ಹೊಂದುವುದಿಲ್ಲ. ಆದರೆ ಅದನ್ನು ಹೇಳುವವಳು ಒಬ್ಬ ಶಾಲಾಹುಡುಗಿ. ಚಿತ್ರ ಅದನ್ನು ವೈದ್ಯಕೀಯ ಸತ್ಯವೆಂದು ಮುಂದಿಡುವುದಿಲ್ಲ. ಆದ್ದರಿಂದ ಇದು ದೊಡ್ಡ ತಪ್ಪಲ್ಲ.

‘ಅನ್‌ಪ್ಲಾನ್ಡ್’ನ ಮೊದಲ ಭಾಗದ ದೃಶ್ಯ ಬೇರೆ ತೂಕದ್ದು. 13 ವಾರದ ಗರ್ಭ, ಪರದೆಯ ಮೇಲೆ ಸ್ಕ್ಯಾನ್, ನಳಿಕೆ ಒಳಬರುತ್ತಿದ್ದಂತೆ ಭ್ರೂಣ ಹಿಂದೆ ಸರಿದು ತಪ್ಪಿಸಿಕೊಳ್ಳಲು ಒದ್ದಾಡಿದಂತೆ ಕಾಣುತ್ತದೆ. ಆ ಸ್ಕ್ಯಾನ್ ಗ್ರಾಫಿಕ್ಸ್‌ನಲ್ಲಿ ಮಾಡಿದ್ದು. 13 ವಾರಕ್ಕೆ ಭ್ರೂಣ ತಲೆಯಿಂದ ಪೃಷ್ಠಕ್ಕೆ ಸುಮಾರು 7 ಸೆಂಟಿಮೀಟರ್. ಅದು ಅಲುಗಾಡುವುದು ನಿಜ. ಮಿಸುಕಾಟ 7-8 ವಾರಕ್ಕೇ ಶುರುವಾಗಿರುತ್ತದೆ. ಉಪಕರಣ ತಾಗಿ ಗರ್ಭಕೋಶ ಅಲುಗಿದಾಗ ಒಳಗಿನ ನೀರಿನೊಂದಿಗೆ ಭ್ರೂಣವೂ ಅಲುಗುತ್ತದೆ. ಆದರೆ ‘ಅಪಾಯವಿದೆ, ಓಡು’ ಎಂದು ತಿಳಿದು ಸರಿಯಲು ಮಿದುಳಿನ ಹೊರಪದರಕ್ಕೆ ನರಗಳ ಜೋಡಣೆ ಆಗಿರಬೇಕು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2010ರ ವರದಿಯಲ್ಲಿ 24 ವಾರಕ್ಕೆ ಮೊದಲು ಆ ಜೋಡಣೆ ಇರುವುದಿಲ್ಲ ಎಂದಿತು. 1984ರ ‘ದ ಸೈಲೆಂಟ್ ಸ್ಕ್ರೀಮ್’ 12 ವಾರದ ಸ್ಕ್ಯಾನ್ ಇಟ್ಟುಕೊಂಡು ಇದೇ ವಾದ ಹೂಡಿತ್ತು. ಅದರಲ್ಲಿ ಕೈಯಲ್ಲಿ ಹಿಡಿದು ತೋರಿಸಿದ ಬೊಂಬೆ 12 ವಾರದ ನಿಜ ಗಾತ್ರಕ್ಕಿಂತ ದೊಡ್ಡದು.

ಲೆಕ್ಕ ಸರಿಯಿರುವ ಚಿತ್ರ ಬೇಕೆಂದರೆ ‘ನೆವರ್ ರೇರ್ಲಿ ಸಮ್‌ಟೈಮ್ಸ್ ಆಲ್ವೇಸ್’ (2020). ಪೆನ್ಸಿಲ್ವೇನಿಯಾದ ಹುಡುಗಿಗೆ ಊರಿನಲ್ಲಿ ಗರ್ಭಪಾತ ವಿರೋಧಿಗಳು ನಡೆಸುವ ‘ಗರ್ಭಸಹಾಯ ಕೇಂದ್ರ’ದಲ್ಲಿ 10 ವಾರ ಎನ್ನುತ್ತಾರೆ. ನ್ಯೂಯಾರ್ಕಿನಲ್ಲಿ ನೋಡಿದರೆ 18. ಮೊದಲ ಮೂರು ತಿಂಗಳಲ್ಲಿ ಸ್ಕ್ಯಾನಿನ ಲೆಕ್ಕ ತಪ್ಪಿದರೂ ಒಂದು ವಾರದೊಳಗೆ. 18ರ ಹೊತ್ತಿಗೂ ಹತ್ತು ದಿನದ ಆಸುಪಾಸು. ಎಂಟು ವಾರದ ಅಂತರ ಯಂತ್ರದ ತಪ್ಪಾಗಲಾರದು. 10 ವಾರಕ್ಕೆ ಮಾತ್ರೆಯಲ್ಲೋ ಕೆಲವೇ ನಿಮಿಷದ ಹೀರುನಳಿಕೆಯಲ್ಲೋ ಮುಗಿಯುತ್ತಿತ್ತು. 18ಕ್ಕೆ ಗರ್ಭಕೋಶದ ಕೊರಳನ್ನು ಹಿಂದಿನ ದಿನವೇ ಹಿಗ್ಗಿಸಲು ಶುರುಮಾಡಬೇಕು: ತೇವ ಹೀರಿ ಉಬ್ಬುವ ಕಡ್ಡಿಗಳನ್ನಿಟ್ಟು ರಾತ್ರಿಯೆಲ್ಲ ಬಿಡಬೇಕು. ಹಾಗಾಗಿ ಎರಡು ದಿನ, ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿ, ಹಾಗಾಗಿ ಕೈಯಲ್ಲಿದ್ದ ದುಡ್ಡು ಖಾಲಿ. ಇಡೀ ಕತೆ ಆ ಒಂದು ಸುಳ್ಳು ಅಂಕೆಯ ಮೇಲೆ ನಿಂತಿದೆ.

ಮೇಣದಬತ್ತಿ

ಪ್ರಸೂತಿನೋಟ ಅವರೇ, ವಾರದ ಲೆಕ್ಕದ ಬಗ್ಗೆ ತಕರಾರಿಲ್ಲ. ನೋವಿನ ಬಗ್ಗೆ ಮಾತ್ರ ಒಂದು ಸೇರ್ಪಡೆ. 2020ರಲ್ಲಿ ‘ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ನಲ್ಲಿ ಡರ್ಬಿಶೈರ್ ಮತ್ತು ಬಾಕ್‌ಮನ್ ಎಂಬಿಬ್ಬರು ಒಂದು ಲೇಖನ ಬರೆದರು. ಒಬ್ಬರು ಗರ್ಭಪಾತದ ಹಕ್ಕಿನ ಪರ, ಇನ್ನೊಬ್ಬರು ವಿರುದ್ಧ. 24 ವಾರಕ್ಕೆ ಮೊದಲು ನೋವು ಸಾಧ್ಯವೇ ಇಲ್ಲ ಎಂದು ಖಡಾಖಂಡಿತವಾಗಿ ಹೇಳಲಾಗದು, 12 ವಾರದಷ್ಟು ಮುಂಚೆಯೂ ಇರಬಹುದು ಎಂದರು. ಚರ್ಚೆಗೆ ಇಡುವಾಗ ಇದೂ ಬರಲಿ.

ಆದರೆ ನಂಬಿಕೆಯ ಕಡೆಯಿಂದ ನೋಡಿದರೆ ‘ಅನ್‌ಪ್ಲಾನ್ಡ್’ನ ದೌರ್ಬಲ್ಯ ಬೇರೆಯೇ ಇದೆ. ಕ್ಯಾಥೊಲಿಕ್ ಬೋಧನೆ ನೋವಿನ ಮೇಲೆ ನಿಂತದ್ದಲ್ಲ. ಜೀವ ಫಲಿಸಿದ ಗಳಿಗೆಯಿಂದ ಪವಿತ್ರ, ಅದಕ್ಕೆ ನೋವಾಗಲಿ ಆಗದಿರಲಿ. ಆ ಮಾತನ್ನು ನಂಬದವರನ್ನು ಒಪ್ಪಿಸಲು ಚಿತ್ರ ರಕ್ತವನ್ನೂ ಒದ್ದಾಟವನ್ನೂ ಮುಂದಿಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಆರ್ ಪ್ರಮಾಣಪತ್ರ (ಎಳೆಯರು ದೊಡ್ಡವರ ಜೊತೆಗೇ ನೋಡಬೇಕೆಂಬ ದರ್ಜೆ) ಸಿಕ್ಕಿದ್ದೂ ಆ ದೃಶ್ಯಗಳಿಂದಲೇ. ದೇವತಾಶಾಸ್ತ್ರ ಹೇಳಬೇಕಾದಲ್ಲಿ ವೈದ್ಯಶಾಸ್ತ್ರ ಹೇಳಲು ಹೋಗಿ ಎರಡೂ ಕೆಟ್ಟಿವೆ.

ಹಾಗೆಂದು ಅದನ್ನು ಪಟ್ಟಿಯಿಂದ ಕಿತ್ತುಹಾಕಬೇಡಿ. ಅದರಲ್ಲಿ ಬೇಲಿಯ ದೃಶ್ಯಗಳಿವೆ. ಟೆಕ್ಸಸ್‌ನ ಬ್ರಯನ್ ಊರಿನ ಕ್ಲಿನಿಕ್ಕಿನ ನಿರ್ದೇಶಕಿಯಾಗಿದ್ದ ಆಬಿ ಜಾನ್ಸನ್ 2009ರ ಅಕ್ಟೋಬರಿನಲ್ಲಿ ಕೆಲಸ ಬಿಟ್ಟರು. ಬೇಲಿಯಾಚೆ ನಿಂತು ಪ್ರಾರ್ಥಿಸುತ್ತಿದ್ದವರಿಗೆ ಆಬಿಯ ಹೆಸರು ಗೊತ್ತಿತ್ತು, ಆಬಿಗೂ ಅವರ ಹೆಸರುಗಳು ಗೊತ್ತಿದ್ದವು. ಕೂಗಾಡುವವರನ್ನೂ ಯಮನ ವೇಷ ಹಾಕಿ ಹೆದರಿಸುವವರನ್ನೂ ಚಿತ್ರ ಮೆಚ್ಚುವುದಿಲ್ಲ, ಮೆತ್ತಗೆ ಮಾತಾಡಿಸುವವರನ್ನು ಮೆಚ್ಚುತ್ತದೆ. ಸಲಹೆಯ ಮೇಜಿನ ಪ್ರಶ್ನೆಗೆ ಬೇಲಿಯೂ ಒಂದು ಮೇಜೇ.

‘ಬೆಲ್ಲಾ’ ಬಗ್ಗೆ ಹೆಚ್ಚು ಹೇಳಲಾರೆ. ಟೊರಾಂಟೊ ಉತ್ಸವದಲ್ಲಿ 2006ರ ಪ್ರೇಕ್ಷಕರ ಪ್ರಶಸ್ತಿ ಗೆದ್ದ ಮೃದುವಾದ ಚಿತ್ರ. ಆದರೆ ಬಸಿರಾದ ನೀನಾ ಮನಸ್ಸು ಬದಲಿಸುವ ಗಳಿಗೆಯೇ ತೆರೆಯ ಮೇಲಿಲ್ಲ. ಕತೆ ಒಮ್ಮೆಲೇ ವರ್ಷಗಳನ್ನು ದಾಟಿಬಿಡುತ್ತದೆ. ನಂಬಿಕೆ ಕೆಲಸ ಮಾಡಿದ್ದು ಹೇಗೆ ಎಂದು ನೋಡಲು ಬಂದವರಿಗೆ ಅದೇ ಸಿಗುವುದಿಲ್ಲ.

ಮೂರನೇಸಾಲು

‘ನಂಬಿಕೆಯ ಕಡೆ’ ಎಂದರೆ ಕ್ಯಾಥೊಲಿಕ್ ಕಡೆ ಎಂದೇ ಆಗುತ್ತಿದೆಯಲ್ಲ? ಬೇರೆ ಧರ್ಮದವರಿಗೆ ಈ ಸರಣಿಯಲ್ಲಿ ಏನಿದೆ?

ಮೇಣದಬತ್ತಿ

ಸರಿಯಾದ ಪ್ರಶ್ನೆ. ಧರ್ಮಗಳ ನಿಲುವು ಒಂದೇ ಅಲ್ಲ, ಒಂದೇ ಧರ್ಮದೊಳಗೂ ಒಂದೇ ಅಲ್ಲ. ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರ ಮಹಾಸಭೆ 1971ರಲ್ಲಿ ಅತ್ಯಾಚಾರ, ರಕ್ತಸಂಬಂಧದ ಬಸಿರು, ಭ್ರೂಣದ ಗಂಭೀರ ದೋಷ, ತಾಯಿಯ ಆರೋಗ್ಯ ಇಂಥ ಕಾರಣಗಳಿಗೆ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ನಿರ್ಣಯ ಮಾಡಿತ್ತು. 1980ರ ಹೊತ್ತಿಗೆ ನಿಲುವು ತಿರುಗಿತು. ಯಹೂದಿಗಳ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾ ಪ್ರಕಾರ ಹೆರಿಗೆ ಕಷ್ಟವಾದರೆ ತಾಯಿಯ ಜೀವ ಮೊದಲು, ಮಗುವಿನ ಬಹುಭಾಗ ಹೊರಬಂದ ಮೇಲೆ ಒಂದು ಜೀವಕ್ಕಾಗಿ ಇನ್ನೊಂದನ್ನು ಬಲಿಕೊಡುವಂತಿಲ್ಲ. ಇಸ್ಲಾಮಿನ ನ್ಯಾಯಪರಂಪರೆಗಳಲ್ಲಿ 120 ದಿನಕ್ಕೆ ಆತ್ಮ ಊದಲ್ಪಡುತ್ತದೆಂಬ ಮಾತಿನ ಸುತ್ತ ಬೇರೆಬೇರೆ ಅಭಿಪ್ರಾಯಗಳಿವೆ. ಅದಕ್ಕೂ ಮೊದಲೇ ನಿಷಿದ್ಧ ಎನ್ನುವವರೂ ಇದ್ದಾರೆ. ಧರ್ಮಶಾಸ್ತ್ರಗಳಲ್ಲಿ ಭ್ರೂಣಹತ್ಯೆ ಮಹಾಪಾತಕಗಳ ಸಾಲಿನಲ್ಲಿದೆ. ಕ್ಯಾಥೊಲಿಕ್ ಕಾನೂನಿನಲ್ಲಿ ಗರ್ಭಪಾತಕ್ಕೆ ತಾನಾಗಿಯೇ ಬಹಿಷ್ಕಾರವಿದೆ, ಆದರೂ 2016ರಲ್ಲಿ ಪೋಪ್ ಫ್ರಾನ್ಸಿಸ್ ಈ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಪಾದ್ರಿಗಳಿಗೂ ಕೊಟ್ಟರು.

ಚಿತ್ರವೆಂದರೆ ‘ಲಿಂಗುಯಿ’ (2021). ಮಹಮತ್-ಸಾಲೆ ಹಾರೂನ್ ನಿರ್ದೇಶನ, ಚಾಡ್ ದೇಶದ ಎನ್‌ಜಮೆನಾ ನಗರ. ತಾಯಿ ಅಮೀನಾ ಹಳೇ ಟೈರಿನ ತಂತಿ ಬಿಡಿಸಿ ಒಲೆ ಮಾಡಿ ಮಾರುವವಳು, ತಪ್ಪದೆ ನಮಾಜು ಮಾಡುವವಳು. ಮಗಳು ಮಾರಿಯಾಗೆ 15. ಬಸಿರೆಂದು ಶಾಲೆಯಿಂದ ಹೊರಹಾಕಿದ್ದಾರೆ. ಇಮಾಮರು ಅಮೀನಾಳ ಬೆನ್ನು ಬಿಡುವುದಿಲ್ಲ. ತಾಯಿ ಮೊದಲು ಬೈಯುತ್ತಾಳೆ, ಹೊಡೆಯುತ್ತಾಳೆ, ಆಮೇಲೆ ಮಗಳ ಜೊತೆ ನಿಲ್ಲುತ್ತಾಳೆ. ನಿಂತ ಮೇಲೂ ಅವಳು ನಂಬಿಕೆ ಬಿಟ್ಟವಳಾಗಿ ಕಾಣುವುದಿಲ್ಲ. ಶ್ರದ್ಧೆಯುಳ್ಳವಳು ಒಳಗೊಳಗೇ ಹೇಗೆ ಕದಲುತ್ತಾಳೆಂದು ತೋರಿಸುವ ಚಿತ್ರಗಳು ಬಹಳ ಕಡಿಮೆ. ಬೇರೆ ಕಡೆಯೆಲ್ಲ ಆಸ್ತಿಕರೆಂದರೆ ಫಲಕ ಹಿಡಿದು ನಿಂತವರಷ್ಟೇ.

ಹಳೇರೀಲು

ಎರಡು ಮಾತು, ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು: ‘4 ಮಂತ್ಸ್’ ಅನ್ನು ನಂಬಿಕೆಯ ವಿರುದ್ಧದ ಚಿತ್ರವೆಂದು ಇಟ್ಟಿದ್ದರೆ ತಪ್ಪು. ಆ ಕತೆ ನಡೆಯುವ ರೊಮೇನಿಯಾದಲ್ಲಿ ಗರ್ಭಪಾತವನ್ನು ನಿಷೇಧಿಸಿದ 1966ರ 770ನೇ ಆದೇಶ ಯಾವ ಚರ್ಚು ತಂದದ್ದೂ ಅಲ್ಲ. ದೇವರನ್ನೇ ಒಪ್ಪದ ಸರ್ಕಾರ, ಜನಸಂಖ್ಯೆ ಹೆಚ್ಚಲೆಂದು ತಂದದ್ದು. ವಯಸ್ಸು ಮೀರಿದವರಿಗೆ, ನಿಗದಿಯಷ್ಟು ಮಕ್ಕಳಿದ್ದವರಿಗೆ, ತಾಯಿಯ ಜೀವಕ್ಕೆ ಅಪಾಯ, ಅತ್ಯಾಚಾರದಂಥ ಕೆಲವೇ ಕಾರಣಗಳಿಗೆ ವಿನಾಯಿತಿ. ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕು ಬಿದ್ದ ಕೂಡಲೇ, 1989ರ ಡಿಸೆಂಬರಿನಲ್ಲೇ ಅದು ರದ್ದಾಯಿತು. ಫ್ರಾನ್ಸಿನಲ್ಲೂ ಹಾಗೆಯೇ: ಎರಡನೇ ಮಹಾಯುದ್ಧದ ಕಾಲದ ವಿಶಿ ಸರ್ಕಾರ 1942ರಲ್ಲಿ ಗರ್ಭಪಾತವನ್ನು ರಾಷ್ಟ್ರದ ವಿರುದ್ಧದ ಅಪರಾಧವೆಂದಿತು, 1943ರ ಜುಲೈ 30ರಂದು ಗರ್ಭ ತೆಗೆದುಕೊಡುತ್ತಿದ್ದ ಮಾರಿ-ಲೂಯಿಸ್ ಜಿರೊ ಎಂಬಾಕೆಯ ತಲೆ ಕಡಿಸಿತು. ಶಾಬ್ರೋಲ್ ಅವರ 1988ರ ಚಿತ್ರ, ಇಸಾಬೆಲ್ ಹುಪರ್ಟ್ ನಟಿಸಿದ್ದು, ಆ ಪ್ರಕರಣವನ್ನು ಆಧರಿಸಿದ್ದು. ನಿಷೇಧ ಎಂದರೆ ಧರ್ಮವೇ ಕಾರಣ ಎಂದುಕೊಂಡವರಿಗೆ ಇವೆರಡೂ ಪಾಠ.

ಹಳೆಯ ಹಾಲಿವುಡ್ಡಿನಲ್ಲಿ ಈ ವಿಷಯ ಯಾಕೆ ಕಾಣುವುದಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ: ಚಿತ್ರದಲ್ಲಿ ಏನು ತೋರಿಸಬಾರದೆಂದು ಅಲ್ಲಿನ ನಿರ್ಮಾಪಕರೇ ಹಾಕಿಕೊಂಡ ಸಂಹಿತೆ ಬಿಡುತ್ತಿರಲಿಲ್ಲ. 1951ರ ‘ಡಿಟೆಕ್ಟಿವ್ ಸ್ಟೋರಿ’ಗೆ ಮೂಲವಾದ ನಾಟಕದಲ್ಲಿ ಡಾಕ್ಟರು ಗರ್ಭಪಾತ ಮಾಡುವವನು; ಚಿತ್ರದಲ್ಲಿ ಮಕ್ಕಳ ಕಳ್ಳಮಾರಾಟಕ್ಕೆ ಸೇರಿದವನಾಗಿಬಿಟ್ಟ.

ದೊಡ್ಡ ಮಾತು: ಕನ್ನಡದವರಾಗಿ ‘ಘಟಶ್ರಾದ್ಧ’ (1977) ಬಿಟ್ಟು ಈ ಪಟ್ಟಿ ಮಾಡುವುದು ಹೇಗೆ? ಅನಂತಮೂರ್ತಿಯವರ ಕತೆ, ಕಾಸರವಳ್ಳಿಯವರ ಮೊದಲ ಚಿತ್ರ, ಆ ವರ್ಷದ ಸ್ವರ್ಣಕಮಲ. ವೇದ ಕಲಿಸುವ ಉಡುಪರ ಮಗಳು, ಎಳೆವಯಸ್ಸಿನ ವಿಧವೆ ಯಮುನಾ. ಬಸಿರಾಗುವುದು ಊರಿನ ಮೇಷ್ಟರಿಂದ, ತೆಗೆಸುವುದು ಗುಟ್ಟಾಗಿ. ಇಲ್ಲಿ ಯಾರೂ ವಾದ ಮಾಡುವುದಿಲ್ಲ. ಹಕ್ಕು ಎಂಬ ಮಾತಿಲ್ಲ, ಜೀವ ಎಂಬ ಮಾತೂ ಇಲ್ಲ. ಇರುವುದು ಅಗ್ರಹಾರದ ಮಡಿ, ಅದನ್ನು ಕಾಯುವ ಕಣ್ಣುಗಳು. ಎಲ್ಲವನ್ನೂ ನಾಣಿ ಎಂಬ ಪುಟ್ಟ ಹುಡುಗ ನೋಡುತ್ತಾನೆ, ಅರ್ಧ ಮಾತ್ರ ಅರ್ಥವಾಗುತ್ತದೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮಡಕೆ ಒಡೆಯುತ್ತಾನೆ. ಸಂಹಿತೆ ಬರೆದಿಟ್ಟ ಚರ್ಚಿಲ್ಲದೆ, ಪೊಲೀಸರಿಲ್ಲದೆ, ಬರೀ ಆಚಾರ ಒಂದು ಹೆಣ್ಣನ್ನು ಹೇಗೆ ಇಲ್ಲವಾಗಿಸಬಲ್ಲದು ಎಂದು ಇದರಷ್ಟು ಮೌನವಾಗಿ ಹೇಳಿದ ಚಿತ್ರ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಕತ್ತರಿಅಂಟು

ಸಂಕಲನದ ಕಡೆಯಿಂದ ಒಂದು ಪರೀಕ್ಷೆ. ಯಾವ ಚಿತ್ರವನ್ನು ಆರಿಸುವ ಮೊದಲೂ ಅದರ ಕ್ಲಿನಿಕ್ ಅಥವಾ ಕೋಣೆಯ ದೃಶ್ಯವನ್ನು ಮೂರು ಸಲ ಓಡಿಸಿ. ಮೊದಲು ಇದ್ದ ಹಾಗೆ. ಆಮೇಲೆ ಶಬ್ದ ತೆಗೆದು. ಆಮೇಲೆ ಚಿತ್ರ ಮುಚ್ಚಿ ಶಬ್ದ ಮಾತ್ರ. ಶಬ್ದ ತೆಗೆದಾಗ ನಿಮ್ಮ ಸಂಕಟ ಅರ್ಧಕ್ಕಿಳಿದರೆ ನಿಮ್ಮನ್ನು ಅಳಿಸುತ್ತಿದ್ದುದು ಸಂಗೀತ. ‘ಅನ್‌ಪ್ಲಾನ್ಡ್’ನಲ್ಲಿ ಸಂಗೀತ ಮೊದಲೇ ಬಂದು ಏನನ್ನಿಸಬೇಕೆಂದು ಹೇಳುತ್ತದೆ. ‘4 ಮಂತ್ಸ್’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ.

ಆ ಚಿತ್ರದ ಊಟದ ಮೇಜಿನ ದೃಶ್ಯ ನೋಡಿ. ಗರ್ಭ ತೆಗೆಸಿಕೊಳ್ಳುತ್ತಿರುವ ಗೆಳತಿ ಗಾಬಿತ್ಸಾಳನ್ನು ಹೋಟೆಲ್ ಕೋಣೆಯಲ್ಲಿ ಬಿಟ್ಟು ಬಂದ ಒತಿಲಿಯಾ, ಪ್ರಿಯಕರನ ಮನೆಯ ಸಮಾರಂಭದಲ್ಲಿ ನಡುವೆ ಸಿಕ್ಕಿಬಿದ್ದಿದ್ದಾಳೆ. ಕ್ಯಾಮೆರಾ ಕದಲುವುದಿಲ್ಲ, ಕತ್ತರಿ ಬೀಳುವುದಿಲ್ಲ. ಸುತ್ತಲೂ ದೊಡ್ಡವರ ಹರಟೆ. ಎಲ್ಲೋ ಫೋನು ಹೊಡೆದುಕೊಳ್ಳುತ್ತದೆ, ಯಾರೂ ಏಳುವುದಿಲ್ಲ. ಒಂದೇ ಒಂದು ಕಟ್ ಬಿದ್ದಿದ್ದರೂ ಅವಳಿಗೂ ನಮಗೂ ಉಸಿರಾಡಲು ಜಾಗ ಸಿಗುತ್ತಿತ್ತು.

‘ಹ್ಯಾಪನಿಂಗ್’ (2021) ನಿಮ್ಮ ಪಟ್ಟಿಯಲ್ಲಿಲ್ಲ, ಆದರೂ ನೋಡಿ. ಆನಿ ಎರ್ನೋ ಅವರ ಪುಸ್ತಕ, ಆಡ್ರೆ ದಿವಾನ್ ನಿರ್ದೇಶನ, 1963ರ ಫ್ರಾನ್ಸ್. ಚೌಕಕ್ಕೆ ಹತ್ತಿರದ 1.37ರ ಚೌಕಟ್ಟು, ಹುಡುಗಿಯ ಹೆಗಲ ಹಿಂದೆಯೇ ಕ್ಯಾಮೆರಾ. ಪರದೆಯ ಮೇಲೆ ವಾರದ ಅಂಕೆ ಬರುತ್ತಾ ಹೋಗುತ್ತದೆ. ಪ್ರಸೂತಿನೋಟ ಅವರು ಹೇಳಿದ ಲೆಕ್ಕವೇ ಅಲ್ಲಿ ಚಿತ್ರಕತೆಯ ಬೆನ್ನುಮೂಳೆ. ಅದರ ಡಾಕ್ಟರೊಬ್ಬ ಮುಟ್ಟು ಬರಿಸುವ ಮದ್ದೆಂದು ನಂಬಿಸಿ ಬರೆದುಕೊಡುವುದು ಗರ್ಭವನ್ನು ಉಳಿಸುವ ಮದ್ದು. ಸಲಹೆಯ ಮೇಜಿನ ಸುಳ್ಳು, ಇನ್ನೊಮ್ಮೆ.

ಅಡಿಬರಹ

ಕನ್ನಡ ಅಡಿಬರಹ ಹಾಕಿ ತೋರಿಸುವುದಾದರೆ ಮೊದಲು ಪದಗಳನ್ನು ಇತ್ಯರ್ಥ ಮಾಡಿಕೊಳ್ಳಿ. ಜಗಳ ಅಲ್ಲೇ ಹುಟ್ಟುತ್ತದೆ.

‘ಗರ್ಭಪಾತ’ ಎಂಬ ನಮ್ಮ ಪದ ತಾನಾಗಿ ಆದದ್ದಕ್ಕೂ ಮಾಡಿಸಿಕೊಂಡದ್ದಕ್ಕೂ ಒಂದೇ. ಆಡುಮಾತು ಹೆಚ್ಚು ಖಚಿತ: ‘ಹೋಯ್ತು’ ಎಂದರೆ ತಾನಾಗಿ, ‘ತೆಗೆಸಿದ್ಲು’ ಎಂದರೆ ಮಾಡಿಸಿಕೊಂಡದ್ದು. ಡಾಕ್ಟರ ಮಾತಿಗೆ ‘ಗರ್ಭಪಾತ’, ಮನೆಮಾತಿಗೆ ‘ತೆಗೆಸೋದು’ ಎಂದು ಬೇರೆಬೇರೆ ಇಡಿ. ‘ಸಿಟಿಜನ್ ರೂತ್’ (1996) ಅಂಥ ಚಿತ್ರಕ್ಕಂತೂ ಇದು ಜೀವಾಳ, ಯಾಕೆಂದರೆ ಎರಡೂ ಪಕ್ಷಗಳು ಎಳೆದಾಡುವ ಬಸಿರಿ ರೂತ್‌ಗೆ ಕೊನೆಗೆ ‘ಹೋಗುತ್ತದೆ’, ಹೊರಗೆ ಕಾದ ಆ ಪಕ್ಷದವರಿಗೆ ಅದು ಗೊತ್ತಿಲ್ಲ. ಎರಡಕ್ಕೂ ‘ಗರ್ಭಪಾತ’ ಎಂದರೆ ಕತೆಯೇ ಕೆಟ್ಟಿತು.

ಹೊಟ್ಟೆಯಲ್ಲಿರುವುದಕ್ಕೆ ‘ಮಗು’ ಎನ್ನಬೇಕೋ ‘ಭ್ರೂಣ’ ಎನ್ನಬೇಕೋ? ಪಾತ್ರ ಏನೆನ್ನುತ್ತದೋ ಅದನ್ನೇ. ಬೇಲಿಯಾಚೆಯವರು ‘ಮಗು’ ಎಂದರೆ ‘ಮಗು’, ನರ್ಸು ತಟಸ್ಥ ಪದ ಬಳಸಿದರೆ ‘ಗರ್ಭ’. ಅಡಿಬರಹ ಬರೆಯುವವರು ಎಲ್ಲ ಕಡೆ ಒಂದೇ ಪದಕ್ಕೆ ಇಳಿಸಿದರೆ ಅವರೇ ಒಂದು ಪಕ್ಷ ಸೇರಿದಂತೆ. ‘ಭ್ರೂಣಹತ್ಯೆ’ಯನ್ನು ಪಾತ್ರದ ಬಾಯಲ್ಲಿ ಕೊಲೆ ಎಂಬ ಅರ್ಥ ಇದ್ದಾಗ ಮಾತ್ರ ತನ್ನಿ, ನಮ್ಮ ಪತ್ರಿಕೆಗಳಲ್ಲಿ ಅದು ಹೆಣ್ಣುಭ್ರೂಣದ ಸುದ್ದಿಗೆ ಅಂಟಿಹೋಗಿದೆ. ‘ಬೇಡದ ಬಸಿರು’ ಎಂಬುದೂ ಅಪಾಯ. ‘ಬೇಡದ’ ಎಂದಾಗಲೇ ತೀರ್ಪು ಮುಗಿದಿರುತ್ತದೆ. ‘ಎಣಿಸದೆ ನಿಂತ ಬಸಿರು’ ಎಂದರೆ ಬಾಗಿಲು ತೆರೆದೇ ಇರುತ್ತದೆ.

ಅತಿ ಕಷ್ಟದ್ದು ‘ನೆವರ್ ರೇರ್ಲಿ’ಯಲ್ಲಿ ಕ್ಲಿನಿಕ್ಕಿನ ಸಮಾಲೋಚಕಿ ಹುಡುಗಿಗೆ ಕೇಳುವ ಪ್ರಶ್ನಾವಳಿ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು: ಎಂದೂ ಇಲ್ಲ, ಅಪರೂಪಕ್ಕೆ, ಕೆಲವು ಸಲ, ಯಾವಾಗಲೂ. ಕನ್ನಡದಲ್ಲಿ ‘ಎಂದೂ’ ಒಂಟಿಯಾಗಿ ನಿಲ್ಲುವುದಿಲ್ಲ, ಅದಕ್ಕೆ ‘ಇಲ್ಲ’ ಬೇಕು. ಹಾಗಾಗಿ ಮೊದಲ ಆಯ್ಕೆ ಉಳಿದ ಮೂರಕ್ಕಿಂತ ಉದ್ದವಾಗಿ, ನಿರಾಕರಣೆಯ ಹಾಗೆ ಕೇಳಿಸುತ್ತದೆ. ಪರಿಹಾರವೆಂದರೆ ಮೊದಲ ಸಲ ನಾಲ್ಕನ್ನೂ ಎರಡು ಸಾಲಿನಲ್ಲಿ ಒಟ್ಟಿಗೆ ತೋರಿಸಿ, ಆಮೇಲೆ ಪ್ರಶ್ನೆಯನ್ನು ಮಾತ್ರ ಹಾಕಿ. ಅವಳ ಮುಖದ ಮೇಲೆ ಕ್ಯಾಮೆರಾ ನಿಂತಿರುವಾಗ ಅಕ್ಷರ ಕಡಿಮೆಯಿದ್ದಷ್ಟೂ ಒಳ್ಳೆಯದು. ಮೌನಕ್ಕೆ ಚುಕ್ಕಿ ಹಾಕಬೇಡಿ, ಖಾಲಿ ಬಿಡಿ.

ಒಂದು ತಾಂತ್ರಿಕ ಮಾತು: ಎರಡು ಸಾಲಿನ ಅಡಿಬರಹದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳಿಗೆ ತಾಗುತ್ತದೆ. ಸಾಲಿನ ನಡುವಣ ಜಾಗವನ್ನು ರೋಮನ್ ಲಿಪಿಗೆ ಇಡುವುದಕ್ಕಿಂತ ಹೆಚ್ಚಿಸಿ, ಸಭಾಂಗಣದ ಕೊನೆಯ ಸಾಲಿನಿಂದ ಓದಿ ನೋಡಿ.

ಮೂರನೇಸಾಲು

‘4 ಮಂತ್ಸ್’ ಹೆಸರನ್ನು ಕನ್ನಡಿಸುವುದು ಹೇಗೆ?

ಅಡಿಬರಹ

ನಮ್ಮ ಹೆಂಗಸರು ಹೇಳುವ ಹಾಗೆ ‘ನಾಲ್ಕು ತುಂಬಿ ಐದಕ್ಕೆ ಬಿದ್ದಿದೆ’ ಎಂದರೆ ಸಹಜ. ಆದರೆ ಹೆಸರಿನಲ್ಲಿ ದಿನದವರೆಗೂ ಎಣಿಸಿದ್ದಾರೆ, ಅದನ್ನು ಕಳೆಯಬಾರದು. ‘4 ತಿಂಗಳು, 3 ವಾರ, 2 ದಿನ’ ಎಂದೇ ಇಡಿ. ಗಾಬಿತ್ಸಾ ತಿಂಗಳು ಕಡಿಮೆ ಹೇಳಿ ಸಿಕ್ಕಿಬೀಳುವ ಕಡೆ ‘ತುಂಬಿ... ಬಿದ್ದಿದೆ’ ಪ್ರಯೋಗ ಬಳಸಬಹುದು.

ಪ್ರಸೂತಿನೋಟ

ಅಡಿಬರಹದವರು ಒಪ್ಪಿದರೆ ಒಂದು ತಿದ್ದುಪಡಿ: ಮುಟ್ಟಿನ ಲೆಕ್ಕದ 10 ವಾರದವರೆಗೆ ವೈದ್ಯರು ಬಳಸುವ ಪದ ಬೇರೆ, ಅಲ್ಲಿಂದ ಮುಂದಕ್ಕೆ ಬೇರೆ. ಕನ್ನಡದಲ್ಲಿ ಎರಡಕ್ಕೂ ‘ಭ್ರೂಣ’ ಎಂದೇ ನಡೆಯುತ್ತಿದೆ. ವಾರದ ಅಂಕೆಯನ್ನು ಪಕ್ಕದಲ್ಲಿಟ್ಟರೆ ಗೊಂದಲ ತಪ್ಪುತ್ತದೆ.

‘ವೆರಾ ಡ್ರೇಕ್’ ಉಳಿಸುವುದಾದರೆ ಒಂದು ಎಚ್ಚರಿಕೆ ಮೊದಲೇ ಹೇಳಿ. ಅವಳು ಬಳಸುವುದು ರಬ್ಬರ್ ಪಿಚಕಾರಿ, ಸೋಪಿನ ನೀರು. ಐದು ನಿಮಿಷದಲ್ಲಿ ಮುಗಿದು, ಹೆಚ್ಚಿನವರು ಸುಖವಾಗಿ ಮನೆಯಲ್ಲಿರುವಂತೆ ಕಾಣುತ್ತದೆ. ನಿಜದಲ್ಲಿ ಗಾಳಿ ರಕ್ತನಾಳಕ್ಕೆ ಹೊಕ್ಕು ಅಲ್ಲೇ ಪ್ರಾಣ ಹೋಗಬಹುದು, ಸೋಪು ರಕ್ತಕ್ಕೆ ವಿಷ, ಉಳಿದರೂ ನಂಜು. ಆ ಕಾಲದ ಲಂಡನ್ನಿನಲ್ಲಿ ಸೂಲಗಿತ್ತಿಯಾಗಿದ್ದ ಜೆನಿಫರ್ ವರ್ತ್ ಚಿತ್ರ ಬಂದಾಗ ಈ ವಿಧಾನ ಮಾರಕವೆಂದು ಬರೆದರು. ಚಿತ್ರದ ಒಬ್ಬ ಹುಡುಗಿ ಸಾಯುವ ಸ್ಥಿತಿಗೆ ಬರುತ್ತಾಳೆ, ಆದರೆ ಅದು ಅಪವಾದದಂತೆ ತೋರುತ್ತದೆ. ವೆರಾಳ ಒಳ್ಳೆಯತನ ವಿಧಾನವನ್ನೂ ಒಳ್ಳೆಯದಾಗಿ ತೋರಿಸಿಬಿಡುತ್ತದೆ, ತೊಂದರೆ ಅದು.

ಹಳೇರೀಲು

ಅದನ್ನು ಒಪ್ಪುತ್ತಲೇ: ಅದೇ ಚಿತ್ರದಲ್ಲಿ ಶ್ರೀಮಂತರ ಮನೆಯ ಹುಡುಗಿಗೆ ಮನೋವೈದ್ಯರ ಸಹಿಯೊಂದಿಗೆ ಶುಭ್ರವಾದ ನರ್ಸಿಂಗ್ ಹೋಮಿನಲ್ಲಿ ಎಲ್ಲ ಮುಗಿಯುತ್ತದೆ. ಹೆಣ್ಣಿನ ಆರೋಗ್ಯಕ್ಕಾಗಿ ಗರ್ಭ ತೆಗೆದ ಡಾಕ್ಟರನ್ನು ಕೋರ್ಟು ಬಿಡುಗಡೆ ಮಾಡಿದ 1938ರ ಬೋರ್ನ್ ಪ್ರಕರಣದ ನಂತರ ಬ್ರಿಟನ್ನಿನಲ್ಲಿ ದುಡ್ಡಿದ್ದವರಿಗೆ ಆ ದಾರಿ ಇತ್ತು. ಬಡವರಿಗೆ ಗರ್ಭಪಾತವನ್ನು ಅಪರಾಧವೆಂದ 1861ರ ಕಾನೂನು. ಬದಲಾದದ್ದು 1967ರಲ್ಲಿ.

ಸುತ್ತುಕುರ್ಚಿ

ಮಾತುಕತೆ ನಡೆಸುವ ಬಗೆ ಹೇಳಿಬಿಡುತ್ತೇನೆ. ಚಿತ್ರ ಮುಗಿದ ಕೂಡಲೇ ಪೂರ್ತಿ ದೀಪ ಹಾಕಬೇಡಿ. ಅರ್ಧ ಬೆಳಕು, ಐದು ನಿಮಿಷ ಯಾರೂ ಮಾತಾಡಬಾರದು. ಚೀಟಿ ಹಂಚಿ, ಪ್ರತಿಯೊಬ್ಬರೂ ಒಂದು ದೃಶ್ಯ ಮತ್ತು ಒಂದು ಪ್ರಶ್ನೆ ಬರೆಯಲಿ, ಹೆಸರು ಬೇಡ. ಚೀಟಿಯಿಂದಲೇ ಶುರುಮಾಡಿ. ಮೈಕನ್ನು ಮೊದಲು ಕೈಯೆತ್ತಿದವರಿಗೆ ಕೊಟ್ಟರೆ ಮೊದಲೇ ಭಾಷಣ ಸಿದ್ಧಮಾಡಿಕೊಂಡು ಬಂದವರ ಪಾಲಾಗುತ್ತದೆ.

ಸಭೆಯಲ್ಲಿ ಗರ್ಭ ತೆಗೆಸಿಕೊಂಡವರು, ಕಳೆದುಕೊಂಡವರು, ಮಗುವಿಗಾಗಿ ಕಾಯುತ್ತಿರುವವರು ಇದ್ದಾರೆಂದು ತಿಳಿದೇ ಮಾತಾಡಬೇಕು. ಯಾರ ಅನುಭವವನ್ನೂ ಕೇಳಬಾರದು, ತಾವಾಗಿ ಹೇಳಿದರೆ ಅದಕ್ಕೆ ಉತ್ತರ ವಾದವಾಗಬಾರದು. ನಡೆಸುವವರು ಇಬ್ಬರಿರಲಿ: ಒಬ್ಬರು ಮಾತಿಗೆ, ಇನ್ನೊಬ್ಬರು ಬಾಗಿಲ ಬಳಿ, ಎದ್ದುಹೋದವರ ಜೊತೆ ಒಂದು ಲೋಟ ನೀರು ಹಿಡಿದು ನಿಲ್ಲಲು. ಎಚ್ಚರಿಕೆಯ ಮಾತನ್ನು ‘ಸೂಕ್ಷ್ಮ ದೃಶ್ಯಗಳಿವೆ’ ಎಂದು ಮಸುಕಾಗಿ ಹೇಳಬೇಡಿ. ‘ಅನ್‌ಪ್ಲಾನ್ಡ್’ನಲ್ಲಿ ಶುರುವಿನಲ್ಲೇ ಗರ್ಭಪಾತದ ದೃಶ್ಯ, ಆಮೇಲೆ ಸ್ನಾನದ ಮನೆಯಲ್ಲಿ ರಕ್ತಸ್ರಾವ, ‘4 ಮಂತ್ಸ್’ನಲ್ಲಿ ಹೊರಬಿದ್ದ ಭ್ರೂಣ ನೆಲದ ಮೇಲೆ ಕಾಣುತ್ತದೆ, ಬಲವಂತದ ಸಂಭೋಗದ ಸುಳಿವಿದೆ. ಹೀಗೆ ನೇರವಾಗಿ ಹೇಳಿ, ಟಿಕೆಟ್ ಕೊಡುವಾಗಲೇ ಹೇಳಿ.

ಇನ್ನೊಂದು: ಸ್ಟ್ರೀಮಿಂಗ್ ಚಂದಾ ಇದೆಯೆಂದು ಸಭೆಗೆ ತೋರಿಸುವಂತಿಲ್ಲ. ಸಾರ್ವಜನಿಕ ಪ್ರದರ್ಶನದ ಪರವಾನಗಿ ಬೇರೆ, ಹಕ್ಕುದಾರರಿಂದ ಬರಹದಲ್ಲಿ ಪಡೆಯಬೇಕು. ಅಡಿಬರಹ ಹೊಸದಾಗಿ ಸೇರಿಸುವುದಕ್ಕೂ ಒಪ್ಪಿಗೆ ಕೇಳಿ.

ಮೂರನೇಸಾಲು

ಎಲ್ಲರ ಮಾತು ಕೇಳಿ ಪಟ್ಟಿ ಬದಲಾಗಿದೆ. ಮೊದಲ ವಾರ ‘ಘಟಶ್ರಾದ್ಧ’, ಎರಡು ‘ನೆವರ್ ರೇರ್ಲಿ’ (101 ನಿಮಿಷ), ಮೂರು ‘ಅನ್‌ಪ್ಲಾನ್ಡ್’, ನಾಲ್ಕು ‘ಲಿಂಗುಯಿ’ (87), ಐದು ‘4 ಮಂತ್ಸ್’ (113). ‘ಬೆಲ್ಲಾ’, ‘ಜೂನೋ’, ‘ವೆರಾ ಡ್ರೇಕ್’ ಬಿಟ್ಟೆ.

ಮೇಣದಬತ್ತಿ

‘ನೆವರ್ ರೇರ್ಲಿ’ ಆದ ಮರುವಾರವೇ ‘ಅನ್‌ಪ್ಲಾನ್ಡ್’ ಬೇಡ. ಒಂದರಲ್ಲಿ ಗರ್ಭವಿರೋಧಿಗಳ ಕೇಂದ್ರ ಸುಳ್ಳು ಹೇಳುತ್ತದೆ, ಇನ್ನೊಂದರಲ್ಲಿ ಕ್ಲಿನಿಕ್ ಸುಳ್ಳು ಹೇಳುತ್ತದೆ. ಮತ್ತೆ ತಕ್ಕಡಿಯೇ ಆಯಿತು. ನಡುವೆ ‘ಲಿಂಗುಯಿ’ ಇಡಿ. ಅದರಲ್ಲಿ ನಂಬುವವಳೂ ಗರ್ಭ ತೆಗೆಸಲು ಓಡಾಡುವವಳೂ ಒಬ್ಬಳೇ.

ಪ್ರಸೂತಿನೋಟ

‘ಗರ್ಭವಿರೋಧಿಗಳ’ ಅಲ್ಲ, ಗರ್ಭಪಾತ ವಿರೋಧಿಗಳ. ಉಳಿದಂತೆ ಕ್ರಮ ಚೆನ್ನಾಗಿದೆ.

ಮೇಣದಬತ್ತಿ

ಹೌದು, ಕೈತಪ್ಪು. ಗರ್ಭಪಾತ ವಿರೋಧಿಗಳ.

ಹಳೇರೀಲು

‘ಘಟಶ್ರಾದ್ಧ’ದ ಹಳೆಯ ಮಸುಕು ಪ್ರತಿ ತರಬೇಡಿ. 4ಕೆಯಲ್ಲಿ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಉತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ತೆರೆಕಂಡಿದೆ, ಅದನ್ನೇ ಕೇಳಿ. ರಾತ್ರಿಯ ದೃಶ್ಯಗಳಲ್ಲಿ ಪಂಜಿನ ಬೆಳಕು ಎಲ್ಲಿಯವರೆಗೆ ಬೀಳುತ್ತದೆ, ನಾಣಿಗೆ ಎಷ್ಟು ಕಾಣುತ್ತದೆ ಎಂಬುದು ಕಪ್ಪು ಕಪ್ಪಾಗಿಯೇ ಉಳಿದ ಪ್ರತಿಯಲ್ಲಿ ಮಾತ್ರ ತಿಳಿಯುತ್ತದೆ. ಪ್ರೊಜೆಕ್ಟರಿನ ಬೆಳಕು ಏರಿಸಿ ಅದನ್ನು ಬೂದಿಬಣ್ಣಕ್ಕೆ ತಿರುಗಿಸಬೇಡಿ ಎಂದು ಯಂತ್ರ ನಡೆಸುವವರಿಗೆ ಮೊದಲೇ ಹೇಳಿಡಿ.